ಪಾಠ ಎಲ್ಲಿದೆ, ಪ್ರತಿ ಎಲ್ಲಿದೆ: ಪರದೆಯ ಮೆಮೊರಿ ಮತ್ತು ಕನ್ನಡ ಲಿಪಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ರೂಪಗಳನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಎರಡು ಪ್ರಶ್ನೆಗಳನ್ನು ಸೇರಿಸಿದೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ನನ್ನ ವಿಷಯ ಕೇಳಿದವರು, 'ಇದು ಕಂಪ್ಯೂಟರ್ ಸೈನ್ಸ್‌ನವರ ಗೋಷ್ಠಿಗೆ ಹೋಗಬೇಕಾದದ್ದಲ್ವಾ' ಅಂತ ಕೇಳಿದರು. ನಾವು ಬರೆದ ಒಂದು ಸಾಮಾನ್ಯ ಪ್ರೋಗ್ರಾಂ, ಯಂತ್ರಕ್ಕೆ ಸೇರಿದ ಮೆಮೊರಿಗೆ, ಅಂದರೆ ಪರದೆಯ ಕಾರ್ಡಿನ ಮೆಮೊರಿಗೋ ಇನ್ನೊಂದು ಸಾಧನದ ಮೆಮೊರಿಗೋ, ನೇರವಾಗಿ ಕೈ ಹಾಕಬಹುದೇ? ಹಾಕಿದರೆ ಏನಾಗುತ್ತೆ? ಪ್ರಶ್ನೆ ಎಂಜಿನಿಯರುಗಳದ್ದೇ. ಆದರೆ ಕನ್ನಡ ಅಕ್ಷರ ಕಂಪ್ಯೂಟರಿನೊಳಗೆ ಬಂದ ಕಥೆಯ ಮಧ್ಯದಲ್ಲಿ ಇದೇ ಪ್ರಶ್ನೆ ಕೂತಿದೆ. ಆ ಕಥೆಯನ್ನು ನಾವು ಇಲ್ಲಿಯವರೆಗೆ ಫಾಂಟು ಮತ್ತು ಕೀಲಿಮಣೆಯ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೆ ಗೆದ್ದ ಹಾಗೆ. ಕಂಡದ್ದು ಎಲ್ಲಿ ಉಳಿಯಿತು, ಯಾವ ರೂಪದಲ್ಲಿ ಉಳಿಯಿತು ಅನ್ನೋದನ್ನು ಕೇಳೋದು ಕಡಿಮೆ. ಗ್ರಂಥಸಂಪಾದನೆ ಓದಿದ ನಾವು ಕೇಳಬೇಕಾದ ಪ್ರಶ್ನೆ ಅದು ಅನ್ನೋದು ನನ್ನ ವಾದ.

1. ಕಾಂಗೇಯಂನ ನೀಲಿ ಪರದೆ

ನಾನು ಕಾಂಗೇಯಂನವರು. ತಿರುಪ್ಪೂರು ಜಿಲ್ಲೆ. ಹೊರಗಿನವರಿಗೆ ಊರು ಗೊತ್ತಿರೋದು ಕಾಂಗೇಯಂ ದನಗಳಿಂದ. ಸುತ್ತಮುತ್ತ ಅಕ್ಕಿ ಗಿರಣಿ, ಕೊಬ್ಬರಿ ಒಣಗಿಸುವ ಕಣ, ಎಣ್ಣೆ ಗಿರಣಿಗಳು ತುಂಬಾ ಇವೆ. ನಮ್ಮ ಮನೆಮಾತು ಕನ್ನಡ. ಕೊಯಮತ್ತೂರು ಸೀಮೆಯಲ್ಲಿ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರ ಕುಟುಂಬಗಳಿವೆ. ಶಾಲೆ, ಅಂಗಡಿ, ಬಸ್ಸು, ಎಲ್ಲ ತಮಿಳು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಒತ್ತಕ್ಷರ ಬರೆಯೋದನ್ನು ನಾನು ಪದವಿಗೆ ಸೇರುವ ಹೊತ್ತಿಗೆ ಕಲಿತೆ.

ಚಿಕ್ಕವಯಸ್ಸಲ್ಲಿ ಅಪ್ಪನ ಜೊತೆ ಒಂದು ಅಕ್ಕಿ ಗಿರಣಿಯ ಕಚೇರಿಗೆ ಹೋಗ್ತಿದ್ದೆ. ಅಲ್ಲಿ ಹಳೇ ಕಂಪ್ಯೂಟರಿನಲ್ಲಿ ಡಾಸ್‌ನ ಲೆಕ್ಕದ ಪ್ರೋಗ್ರಾಂ ಇತ್ತು: ನೀಲಿ ಪರದೆ, ಹಳದಿ ಅಕ್ಷರ. ಗುಮಾಸ್ತರು ತಮಿಳಲ್ಲಿ ಮಾತಾಡೋರು, ಅಪ್ಪ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡೋರು, ಪರದೆ ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಮಾತಾಡೋದು. ಅದು ಇಂಗ್ಲಿಷೇ ಯಾಕಾಗಿತ್ತು? ಬರೆದವರಿಗೆ ತಮಿಳು, ಕನ್ನಡದ ಮೇಲೆ ಅಸಡ್ಡೆ ಇತ್ತು ಅಂತ ಹೇಳಿಬಿಡೋದು ಸುಲಭ. ಆದರೆ ಕಾರಣದ ದೊಡ್ಡ ಪಾಲು ಆ ಯಂತ್ರದ ಒಳಗೇ ಇತ್ತು.

2. ಬರೆಯುವುದೇ ಮಾಡುವುದು

ಐಬಿಎಂ ಪಿಸಿ ಬಂದದ್ದು 1981ರಲ್ಲಿ. ಅದರ ಬಣ್ಣದ ಪರದೆಯ ಕಾರ್ಡಿಗೆ ಸ್ವಂತ ಮೆಮೊರಿ ಇತ್ತು. ಆ ಮೆಮೊರಿ, ಹದಿನಾರರ ಎಣಿಕೆಯಲ್ಲಿ ಬಿ8000 ಅನ್ನೋ ವಿಳಾಸದಿಂದ ಶುರುವಾಗಿ, ಕಂಪ್ಯೂಟರಿನ ಬಾಕಿ ಮೆಮೊರಿಯ ಸಾಲಿನಲ್ಲೇ ಕಾಣಿಸೋದು. ಪರದೆಯಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಒಂದೊಂದು ಅಕ್ಷರಕ್ಕೆ ಎರಡು ಬೈಟ್: ಮೊದಲನೆಯದು ಯಾವ ಅಕ್ಷರ ಅಂತ, ಎರಡನೆಯದು ಯಾವ ಬಣ್ಣ ಅಂತ. ಒಟ್ಟು 4000 ಬೈಟ್. ಪ್ರೋಗ್ರಾಂ ಆ ವಿಳಾಸಕ್ಕೆ ಒಂದು ಸಂಖ್ಯೆ ಬರೆದರೆ ಸಾಕು, ತಕ್ಷಣ ಪರದೆಯ ಮೇಲೆ ಅಕ್ಷರ ಮೂಡೋದು. ಯಾರ ಅನುಮತಿಯೂ ಬೇಡ. ಬಯೋಸ್‌ನ ಮೂಲಕ ಕೇಳಿಕೊಂಡು ಬರೆಯುವ ಕ್ರಮವೂ ಇತ್ತು, ಅದು ನಿಧಾನ. ಹಾಗಾಗಿ ವೇಗ ಬೇಕಾದವರೆಲ್ಲ ನೇರ ದಾರಿ ಹಿಡಿದರು.

ಇಲ್ಲಿ ಒಂದು ಪದದ ವಿಚಾರ. ಮೆಮೊರಿಗೆ ನಾವು 'ಸ್ಮೃತಿ', 'ನೆನಪು' ಅಂತ ಬರೀತೀವಿ. ತಮಿಳಿನಲ್ಲಿ 'ನಿನೈವಗಂ' ಅಂತಾರೆ, ನೆನಪಿನ ಮನೆ. ಮಾಮೂಲಿ ಮೆಮೊರಿಗೆ ಈ ಪದಗಳು ಒಪ್ಪುತ್ತವೆ. ಇಟ್ಟದ್ದನ್ನು ಅದು ಇಟ್ಟ ಹಾಗೇ ವಾಪಸ್ಸು ಕೊಡುತ್ತೆ. ಆದರೆ ಸಾಧನಗಳ ವಿಳಾಸಗಳ ಸ್ವಭಾವ ಬೇರೆ. ಅಲ್ಲಿ ಬರೆದರೆ ಏನೋ ಒಂದು ಕೆಲಸ ನಡೆಯುತ್ತೆ: ದೀಪ ಹತ್ತುತ್ತೆ, ಮೋಟಾರು ತಿರುಗುತ್ತೆ, ಚುಕ್ಕಿ ಬೆಳಗುತ್ತೆ. ಕೆಲವು ವಿಳಾಸಗಳನ್ನು ಎರಡು ಸಲ ಓದಿದರೆ ಎರಡು ಉತ್ತರ ಬರುತ್ತೆ. ಇನ್ನು ಕೆಲವನ್ನು ಓದಿದರೆ ಅಲ್ಲಿದ್ದದ್ದು ಖಾಲಿಯಾಗುತ್ತೆ. ಅದಕ್ಕೇ ಸಿ ಭಾಷೆಯಲ್ಲಿ ಇಂಥ ವಿಳಾಸಕ್ಕೆ 'ವೊಲಟೈಲ್' ಅಂತ ಗುರುತು ಹಾಕ್ತಾರೆ: 'ಇದನ್ನು ಒಂದು ಸಲ ಓದಿ ನೆನಪಿಟ್ಟುಕೊಳ್ಳಬೇಡ, ಪ್ರತಿ ಸಲ ಹೋಗಿ ನೋಡು' ಅಂತ. 'ಸ್ಮೃತಿ' ಅನ್ನೋ ಅನುವಾದ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತೆ. ಆದ್ದರಿಂದ ಈ ಪ್ರಬಂಧದಲ್ಲಿ ನಾನು 'ಮೆಮೊರಿ' ಅಂತಲೇ ಬಳಸ್ತೀನಿ. ಸಾಧನದ ಮೆಮೊರಿ ಉಳಿಸಿಕೊಳ್ಳುವ ಜಾಗ ಅನ್ನೋದಕ್ಕಿಂತ ಹೆಚ್ಚಾಗಿ ಕೆಲಸ ನಡೆಯುವ ಜಾಗ. ಮುಂದಿನ ವಾದಕ್ಕೆ ಇದು ಬೇಕಾಗುತ್ತೆ.

3. 256 ಆಕಾರಗಳಲ್ಲಿ ಹಿಡಿಯದ ಕನ್ನಡ

ಆ ಪರದೆಗೆ ಒಂದು ಬೈಟ್ ಕೊಟ್ಟರೆ, ಕಾರ್ಡಿನಲ್ಲೇ ಅಚ್ಚಾಗಿದ್ದ 256 ಆಕಾರಗಳಲ್ಲಿ ಒಂದನ್ನು ಅದು ತೋರಿಸೋದು. ಇಂಗ್ಲಿಷಿಗೆ ಅಷ್ಟು ಧಾರಾಳ. ಕನ್ನಡಕ್ಕೆ? ವ್ಯಂಜನ, ಗುಣಿತ, ಒತ್ತು, ಒತ್ತಿಗೊತ್ತು ಎಲ್ಲ ಸೇರಿದರೆ 256ರಲ್ಲಿ ಹಿಡಿಯೋ ಮಾತೇ ಇಲ್ಲ. ಮುಂದೆ 1984ರ ಇಜಿಎ, 1987ರ ವಿಜಿಎ ಕಾರ್ಡುಗಳಲ್ಲಿ ನಮ್ಮದೇ ಆಕಾರಗಳನ್ನು ತುಂಬಿಸಬಹುದಾಯಿತು. ಆಗಲೂ ಮಿತಿ 512. ಜೊತೆಗೆ, ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಪೆಟ್ಟಿಗೆ: ವಿಜಿಎಯಲ್ಲಿ ಅಗಲ 8 ಅಥವಾ 9 ಚುಕ್ಕಿ, ಎತ್ತರ 16. 'ಸ್ತ್ರೀ' ಅನ್ನೋ ಒಂದು ಅಕ್ಷರವನ್ನು ಆ ಪೆಟ್ಟಿಗೆಯಲ್ಲಿ ಕೂರಿಸಿ ನೋಡಿ. ತ ಒತ್ತು ಕೆಳಗೆ ಇಳೀಬೇಕು, ರ ಒತ್ತಿಗೆ ಜಾಗ ಬೇಕು, ದೀರ್ಘ ಬಲಕ್ಕೆ ಚಾಚಬೇಕು.

ಇದಕ್ಕೆ ಎರಡು ದಾರಿ ಇದ್ದವು.

ಮೊದಲನೆಯದು ಅಕ್ಷರದ ಪೆಟ್ಟಿಗೆಗಳನ್ನೇ ಬಿಟ್ಟು ಗ್ರಾಫಿಕ್ಸ್‌ಗೆ ಹೋಗೋದು. ಅಂದರೆ ಪರದೆಯ ಒಂದೊಂದು ಚುಕ್ಕಿಯನ್ನೂ ಪ್ರೋಗ್ರಾಮೇ ಬರೆಯೋದು. 640 ಚುಕ್ಕಿ ಅಗಲ, 480 ಚುಕ್ಕಿ ಎತ್ತರದ ಪರದೆಗೆ, ಬರೀ ಕಪ್ಪು-ಬಿಳುಪು ಅಂದುಕೊಂಡರೂ 38,400 ಬೈಟ್ ಬೇಕು. ಅಕ್ಷರದ ಪರದೆಯ 4000ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಕೆಲಸ. ಆದರೆ ಸ್ವಾತಂತ್ರ್ಯ ಪೂರ್ತಿ. ಒತ್ತು ಎಷ್ಟು ಇಳೀಬೇಕೋ ಅಷ್ಟು ಇಳಿಸಬಹುದು. ಸಾಧನದ ಮೆಮೊರಿಗೆ ನೇರ ಪ್ರವೇಶ ಇದ್ದದ್ದರಿಂದಲೇ, ಯಾವ ದೊಡ್ಡ ಕಂಪನಿಯ ಒಪ್ಪಿಗೆಗೂ ಕಾಯದೆ, ಒಬ್ಬರು ಮನೆಯಲ್ಲಿ ಕೂತು ತಮ್ಮ ಲಿಪಿಯನ್ನು ಪರದೆಗೆ ತರುವುದು ಸಾಧ್ಯವಿತ್ತು.

ಎರಡನೆಯದು ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಮೋಹನ್ ತಾಂಬೆ ಅವರ ಜೊತೆಗಿದ್ದವರ ಕೆಲಸದಿಂದ ಹುಟ್ಟಿ, 1988ರಲ್ಲಿ ಶುರುವಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಇದು. ಕಂಪ್ಯೂಟರಿನೊಳಗೆ ಸಿಕ್ಕಿಸುವ ಒಂದು ಕಾರ್ಡು. ಪ್ರೋಗ್ರಾಂ ತನ್ನ ಪಾಡಿಗೆ ಅಕ್ಷರದ ಸಂಕೇತಗಳನ್ನು ಕೊಡೋದು. ಆ ಸಂಕೇತಗಳನ್ನು ಜೋಡಿಸಿ ಲಿಪಿಯ ಆಕಾರ ಮಾಡೋದು ಕಾರ್ಡಿನ ಕೆಲಸ. ಹಾಗಾಗಿ ಇಂಗ್ಲಿಷಿಗೆಂದು ಬರೆದ ಡಾಸ್ ಪ್ರೋಗ್ರಾಮುಗಳಲ್ಲೂ ಭಾರತೀಯ ಲಿಪಿಗಳು ಕಾಣಿಸಿಕೊಂಡವು. ಸಂಕೇತದ ಹೆಸರು ಇಸ್ಕಿ. 1991ರಲ್ಲಿ ಅದು ಐಎಸ್ 13194 ಅನ್ನೋ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಕನ್ನಡದ ಕ, ತಮಿಳಿನ ಕ, ದೇವನಾಗರಿಯ ಕ ಎಲ್ಲಕ್ಕೂ ಒಂದೇ ಸಂಖ್ಯೆ. ಲಿಪಿ ಬದಲಾಯಿಸಿದರೆ ಅದೇ ಪಠ್ಯ ಇನ್ನೊಂದು ಲಿಪಿಯಲ್ಲಿ ಕಾಣುತ್ತೆ.

4. ಪಾಠವಿಲ್ಲದ ಪ್ರತಿ

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ನಾವೆಲ್ಲ ಎಂ.ಎ.ಯಲ್ಲಿ ಓದಿದ್ದೀವಿ. ಅಲ್ಲಿಂದ ಕಲಿತ ಮೊದಲ ವಿವೇಕ: ಪಾಠ ಬೇರೆ, ಪ್ರತಿ ಬೇರೆ. ಓಲೆಗರಿಯ ಮೇಲೆ ಲಿಪಿಕಾರ ಕೊರೆದದ್ದು ಪ್ರತಿ. ಆ ಪ್ರತಿಗಳ ಮೂಲಕ ನಾವು ತಲುಪಲು ನೋಡೋದು ಪಾಠವನ್ನು. ಇದೇ ಕಣ್ಣಿಂದ ಮೇಲಿನ ಎರಡು ದಾರಿ ನೋಡಿ. ಜಿಸ್ಟ್ ದಾರಿಯಲ್ಲಿ ಕಡತದಲ್ಲಿರೋದು ಸಂಕೇತ, ಅಂದರೆ ಪಾಠ. ಪರದೆಯ ಮೆಮೊರಿಯಲ್ಲಿ ಮೂಡೋದು ಆಕಾರ, ಅಂದರೆ ಆ ಕ್ಷಣದ ಒಂದು ಪ್ರತಿ. ಎರಡರ ನಡುವೆ ಗೆರೆ ಇದೆ. ಗ್ರಾಫಿಕ್ಸ್ ದಾರಿಯಲ್ಲಿ ಆ ಗೆರೆ ಇರಲೇಬೇಕು ಅಂತೇನಿಲ್ಲ. ಬರೆದವರು ವಿವೇಕಿಗಳಾದರೆ ಇಡ್ತಾರೆ, ಇಲ್ಲದಿದ್ದರೆ ಕಂಡದ್ದನ್ನೇ ಕಡತಕ್ಕೂ ಇಳಿಸಿಬಿಡ್ತಾರೆ.

ಡಾಸ್ ಹೋಗಿ ವಿಂಡೋಸ್ ಬಂದ ಮೇಲೆ ಕನ್ನಡದಲ್ಲಿ ನಡೆದದ್ದು ಈ ಎರಡನೆಯದೇ. ಇಲ್ಲೊಂದು ಸ್ಪಷ್ಟನೆ: ವಿಂಡೋಸ್‌ನ ಕನ್ನಡ ಫಾಂಟುಗಳು ಪರದೆಯ ಮೆಮೊರಿಗೆ ನೇರವಾಗಿ ಬರೆಯುತ್ತಿರಲಿಲ್ಲ, ವಿಂಡೋಸ್ ಮೂಲಕವೇ ಬರೆಸುತ್ತಿದ್ದವು. ಆದರೆ ಮನಸ್ಸಿನ ಅಭ್ಯಾಸ ಹಳೆಯದೇ ಇತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು, ಆ ತುಂಡುಗಳ ಸಂಖ್ಯೆಯನ್ನೇ ಕಡತದಲ್ಲಿ ಉಳಿಸಿದೆವು. 'ಸೂರ್ಯ' ಪದವನ್ನು ತಗೊಳ್ಳಿ. ನಾವು ಉಚ್ಚರಿಸೋದು ಮೊದಲು ರ್, ಆಮೇಲೆ ಯ. ಯೂನಿಕೋಡ್‌ನಲ್ಲಿ ಉಳಿಯೋದೂ ಅದೇ ಕ್ರಮದಲ್ಲಿ. ತುಂಡುಗಳ ಕಡತದಲ್ಲಿ ಮೊದಲು ಯ, ಅದೂ ಹಲವು ತುಂಡಾಗಿ, ಆಮೇಲೆ ಅರ್ಕಾವತ್ತು. ಅಂದರೆ ಕಡತದಲ್ಲಿರೋದು ಕಣ್ಣಿಗೆ ಕಂಡ ಕ್ರಮ, ನುಡಿಯ ಕ್ರಮವಲ್ಲ. ಅಕಾರಾದಿಯಾಗಿ ಜೋಡಿಸಲು ಹೋದರೆ ಹಾಳು, ಹುಡುಕಲು ಹೋದರೆ ಸಿಗಲ್ಲ, ಫಾಂಟು ಕಳೆದರೆ ಬರೀ ರೋಮನ್ ಕಸ.

ಈಗ ನಮ್ಮ ಕಥನದ ವಿಮರ್ಶೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ತಂತ್ರಾಂಶದ ಬಗ್ಗೆ ಪೂರ್ಣಚಂದ್ರ ತೇಜಸ್ವಿಯವರು ತೋರಿದ ಕಾಳಜಿ, ಇವೆಲ್ಲ ನಿಜವಾದ ಸಾಧನೆಗಳು. ಇವನ್ನು ಹೇಳುವ ರೀತಿಯಲ್ಲಿ ಮಾತ್ರ ಒಂದು ಕೊರತೆ ಇದೆ. ಎಲ್ಲವನ್ನೂ 'ಪರದೆಯ ಮೇಲೆ ಕನ್ನಡ ಮೂಡಿತು' ಅನ್ನೋ ಒಂದೇ ಕ್ಷಣಕ್ಕೆ ತಂದು ನಿಲ್ಲಿಸ್ತೀವಿ. ಪರದೆ ಅಂದರೆ ಸಾಧನದ ಮೆಮೊರಿ. ಅದು ಕೆಲಸ ನಡೆಯುವ ಜಾಗ, ಉಳಿಯುವ ಜಾಗವಲ್ಲ ಅಂತ ಆಗಲೇ ಹೇಳಿದೆ. ಉಳಿಯದ ಜಾಗದಲ್ಲಿ ಗೆದ್ದದ್ದನ್ನು ಗೆಲುವು ಅಂತ ಬರೆದುಕೊಂಡೆವು.

5. ಬಾಗಿಲು ಮುಚ್ಚಿದ್ದು

ಮುಂದೆ ನೇರ ಪ್ರವೇಶದ ಬಾಗಿಲು ಮುಚ್ಚುತ್ತಾ ಬಂತು. 1993ರ ವಿಂಡೋಸ್ ಎನ್‌ಟಿ, ಸಾಮಾನ್ಯ ಪ್ರೋಗ್ರಾಮುಗಳು ಯಂತ್ರಾಂಶವನ್ನು ಮುಟ್ಟದ ಹಾಗೆ ಮಾಡಿತು. ಲಿನಕ್ಸ್‌ನಲ್ಲೂ ಅದೇ ಕ್ರಮ. ಪ್ರತಿ ಪ್ರೋಗ್ರಾಮಿಗೂ ತನ್ನದೇ ವಿಳಾಸಗಳ ಲೋಕ. ಅದು ಹೇಳುವ ವಿಳಾಸಕ್ಕೂ ನಿಜವಾದ ಮೆಮೊರಿಯ ವಿಳಾಸಕ್ಕೂ ನಡುವೆ ಒಂದು ಪಟ್ಟಿ ಇರುತ್ತೆ. ಸಾಮಾನ್ಯವಾಗಿ 4096 ಬೈಟ್‌ಗಳ ಒಂದೊಂದು ಪುಟಕ್ಕೆ ಆ ಪಟ್ಟಿಯಲ್ಲಿ ಒಂದೊಂದು ನಮೂದು, ಅದನ್ನು ಬರೆಯುವ ಅಧಿಕಾರ ಕರ್ನೆಲ್‌ಗೆ ಮಾತ್ರ. ಕಾರಣ ಸರಳ. ಡಾಸ್‌ನಲ್ಲಿ ಒಂದು ಪ್ರೋಗ್ರಾಂ ತಪ್ಪು ವಿಳಾಸಕ್ಕೆ ಬರೆದರೆ ಇಡೀ ಯಂತ್ರವೇ ನಿಂತುಹೋಗೋದು. ಒಬ್ಬರ ಪರದೆಯಲ್ಲಿದ್ದದ್ದನ್ನು ಇನ್ನೊಂದು ಪ್ರೋಗ್ರಾಂ ಓದಿಕೊಳ್ಳಬಹುದಿತ್ತು.

ಬಾಗಿಲು ಪೂರ್ತಿ ಮುಚ್ಚಿಲ್ಲ, ಕೇಳಿ ಒಳಗೆ ಹೋಗಬೇಕು. ಲಿನಕ್ಸ್‌ನಲ್ಲಿ 'ಡೆವ್ ಮೆಮ್' ಅನ್ನೋ ಕಡತ ಇದೆ. ನಿಜವಾದ ವಿಳಾಸಗಳಿಗೆ ಅದು ಕಿಟಕಿ. 'ಎಂಮ್ಯಾಪ್' ಅನ್ನೋ ಕರೆಯಿಂದ ಆ ಕಿಟಕಿಯ ಒಂದು ಭಾಗವನ್ನು ಪ್ರೋಗ್ರಾಂ ತನ್ನ ವಿಳಾಸಗಳೊಳಗೆ ತಂದುಕೊಳ್ಳಬಹುದು. ಇದಕ್ಕೆ ರೂಟ್ ಅಧಿಕಾರ ಬೇಕು. ಕರ್ನೆಲ್‌ನ ಸ್ವಂತ ಮೆಮೊರಿಯನ್ನು ಈ ದಾರಿಯಲ್ಲಿ ಮುಟ್ಟದ ಹಾಗೆ ತಡೆಯುವ ಆಯ್ಕೆಯೂ ಇದೆ. ಇನ್ನೂ ವಿವೇಕದ ದಾರಿ ರಾಸ್ಪ್‌ಬೆರಿ ಪೈನಲ್ಲಿ ಸಿಗುತ್ತೆ. ಅಲ್ಲಿ 'ಜಿಪಿಐಒ ಮೆಮ್' ಅನ್ನೋ ಬೇರೆ ಕಡತ, ಹೊರಗಿನ ತಂತಿಗಳನ್ನು ನಿಯಂತ್ರಿಸುವ ವಿಳಾಸಗಳನ್ನು ಮಾತ್ರ ತೋರಿಸುತ್ತೆ. ದೀಪ ಹತ್ತಿಸಲು ಬಂದ ವಿದ್ಯಾರ್ಥಿಗೆ ಇಡೀ ಮನೆಯ ಕೀಲಿ ಕೊಡಬೇಕಾಗಿಲ್ಲ.

ಕನ್ನಡಕ್ಕೆ ಇದರಿಂದ ಆದದ್ದೇನು? ಪ್ರತಿ ಪ್ರೋಗ್ರಾಮೂ ತಾನೇ ಪರದೆಗೆ ಬರೆಯುವ ಹಕ್ಕು ಕಳಕೊಂಡಾಗ, ಅಕ್ಷರ ಜೋಡಿಸುವ ಕೆಲಸ ಒಂದು ಸಾಮಾನ್ಯ ಜಾಗಕ್ಕೆ ಬಂತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನ ಜೊತೆ ಕನ್ನಡ ಜೋಡಣೆಯೂ ಬಂತು. 'ಸ್ತ್ರೀ' ಈಗ ಕಡತದಲ್ಲಿ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ದೀರ್ಘ ಈ. ಅದನ್ನು ಒಂದು ಆಕಾರ ಮಾಡೋದು ವ್ಯವಸ್ಥೆಯ ಕೆಲಸ. ಪಾಠಕ್ಕೂ ಪ್ರತಿಗೂ ನಡುವಿನ ಗೆರೆ ವಾಪಸ್ಸು ಬಂತು. ಪಾಠವನ್ನು ಎಲ್ಲರೂ ಓದಬಹುದಾದ ರೂಪದಲ್ಲಿ ಉಳಿಸೋದಕ್ಕೆ ನೇರ ಪ್ರವೇಶಕ್ಕಿಂತ ಮಧ್ಯಸ್ಥಿಕೆಯೇ ಹೆಚ್ಚು ನೆರವಾಯಿತು.

ಇದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಕನ್ನಡಕ್ಕೆ ಏನು ಬೇಕು ಅಂತ ಬೇರೆ ಯಾರೋ ತೀರ್ಮಾನಿಸುವವರೆಗೆ ಕಾಯಬೇಕು. ಲಿನಕ್ಸ್‌ನ ಕಪ್ಪು ಪಠ್ಯಪರದೆಗೆ ಇವತ್ತಿಗೂ ಹಳೇ 256 ಅಥವಾ 512 ಆಕಾರಗಳದೇ ಮಿತಿ, ಒತ್ತಕ್ಷರ ಜೋಡಣೆಯೂ ಇಲ್ಲ. ಅಲ್ಲಿ ಕನ್ನಡ ಬೇಕಂದರೆ ಯಾರಾದರೂ ಪರದೆಯ ಮೆಮೊರಿಯನ್ನು ಎಂಮ್ಯಾಪ್ ಮಾಡಿಕೊಂಡು, ಹಾರ್ಫ್‌ಬಜ್‌ನಂಥ ಜೋಡಣೆಯ ತಂತ್ರಾಂಶದ ನೆರವಿನಿಂದ ತಾವೇ ಚುಕ್ಕಿ ಬರೆಯಬೇಕು. ಮೊದಲ ಕಾಲದ ಸ್ವಾತಂತ್ರ್ಯದ ಅವಶ್ಯಕತೆ ಪೂರ್ತಿ ಮುಗಿದಿಲ್ಲ.

6. ದೊಡ್ಡಪ್ಪನ ಕಡತ

ಇಷ್ಟೆಲ್ಲ ನಾನು ಓದಲು ಹೋದದ್ದಕ್ಕೆ ಒಂದು ಮನೆಯ ಕಾರಣ ಇದೆ. ನಮ್ಮ ದೊಡ್ಡಪ್ಪ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿದ್ದೋರು. ಕನ್ನಡ ಬರೆಯೋದು ಗೊತ್ತಿದ್ದದ್ದು ಮನೆಯಲ್ಲಿ ಅವರೊಬ್ಬರಿಗೇ. ಮಗ್ಗದ ಮಾತುಗಳು, ಅಡುಗೆಯ ಮಾತುಗಳು, ಚೌಡೇಶ್ವರಿ ಹಬ್ಬದಲ್ಲಿ ಹಿರಿಯರು ಹೇಳುವ ಮಾತುಗಳನ್ನು ಟೈಪು ಮಾಡಿ ಸಿಡಿಯಲ್ಲಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ, ನನ್ನ ಎಂ.ಎ. ಕಿರುಪ್ರಬಂಧಕ್ಕೆ ಬೇಕು ಅಂತ ಕಾಂಗೇಯಂ ಮನೆಯಲ್ಲಿ ಅದನ್ನು ತೆರೆದೆ. ಪರದೆ ತುಂಬಾ ರೋಮನ್ ಕಸ. ಪರಿವರ್ತಕದಿಂದ ಬಹುಪಾಲು ವಾಪಸ್ಸು ಬಂತು. ಆದರೆ ಅವರು ಬೇರೊಂದು ಫಾಂಟಿನಲ್ಲಿ ಮಾಡಿದ ನಾಲ್ಕು ಪುಟ ಬರಲಿಲ್ಲ. ಆ ಫಾಂಟು ಯಾವುದು ಅಂತ ಹೇಳೋರು ಈಗ ಇಲ್ಲ. ಒಂದು ಕಾಲದಲ್ಲಿ ಅವರ ಪರದೆಯ ಮೇಲೆ ಅದು ಚೆನ್ನಾಗಿ ಮೂಡಿತ್ತು. ಮೂಡಿದ್ದಷ್ಟೇ.

ವಾಪಸ್ಸು ಬಂದ ಭಾಗದಲ್ಲಿ ಮತ್ತೊಂದು ಸಂಗತಿ ನಡೀತು. ನಮ್ಮ ಅಜ್ಜಿಗೆ ಕನ್ನಡ ಓದಲು ಬರಲ್ಲ, ತಮಿಳು ಬರುತ್ತೆ. ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳನ್ನು ಇಸ್ಕಿಯ ಕ್ರಮದಲ್ಲೇ ಪಕ್ಕಪಕ್ಕ ಜೋಡಿಸಿದ್ದಾರೆ. ಕನ್ನಡದ ಕ ಸಂಕೇತದಿಂದ 256 ಕಳೆದರೆ ತಮಿಳಿನ ಕ. ನಾನು ಒಂದು ಸಣ್ಣ ಪ್ರೋಗ್ರಾಂ ಬರೆದು ಇಡೀ ಪಟ್ಟಿಯನ್ನು ತಮಿಳು ಲಿಪಿಗೆ ತಿರುಗಿಸಿದೆ. ತಮಿಳಿನಲ್ಲಿ ಗ, ದ, ಬ ಇಲ್ಲದ್ದರಿಂದ ಅಲ್ಲೆಲ್ಲ ಕ, ತ, ಪ ಹಾಕಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು, ಗ ಬರಬೇಕಾದ ಕಡೆ ತಾವೇ ಗ ಅಂದರು. ಎರಡು ಕಡೆ ನಿಲ್ಲಿಸಿ, 'ನಿಮ್ಮ ದೊಡ್ಡಪ್ಪ ಬೆಂಗಳೂರು ಸೇರಿ ಮಾತು ಮರೆತವ್ನೆ, ನಾವು ಹಂಗನ್ನಲ್ಲ' ಅಂತ ತಿದ್ದಿದರು. ಅವೆರಡನ್ನೂ ಪಾಠಾಂತರ ಅಂತ ನನ್ನ ಕಿರುಪ್ರಬಂಧದಲ್ಲಿ ದಾಖಲಿಸಿದ್ದೀನಿ. ಸಿಡಿಯಲ್ಲಿ ಪಾಠ ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ಆ ನಾಲ್ಕು ಪುಟಗಳಿಗೆ ಅಜ್ಜಿಯ ತಿದ್ದುಪಡಿ ಸಿಗಲಿಲ್ಲ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ನಮ್ಮ ವಿಭಾಗಗಳಲ್ಲಿ ಹಳೇ ಫಾಂಟುಗಳಲ್ಲಿರುವ ಪ್ರಬಂಧಗಳನ್ನು, ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹಸ್ತಪ್ರತಿಗಳ ಹಾಗೆ ನೋಡಬೇಕು. ಮೂಲ ಕಡತ ಉಳಿಸಬೇಕು, ಯಾವ ಫಾಂಟು ಅಂತ ಬರೆದಿಡಬೇಕು, ಆ ಫಾಂಟನ್ನೂ ಜೊತೆಗಿಡಬೇಕು, ಯೂನಿಕೋಡಿಗೆ ತಂದ ಪಾಠವನ್ನು ಮುದ್ರಿತ ಪುಟದ ಜೊತೆ ಹೋಲಿಸಬೇಕು. ಇದು ಗ್ರಂಥಸಂಪಾದನೆಯ ಕೆಲಸ, ನಮಗೆ ಬರುವ ಕೆಲಸ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರಿಂದ): ಆ ಕಾಲದ ಮಿತಿಯಲ್ಲಿ ದುಡಿದವರನ್ನು ಇವತ್ತಿನ ಅನುಕೂಲದಲ್ಲಿ ನಿಂತು ಅಳೆದ ಹಾಗಾಗಲಿಲ್ಲವೇ?

ಉತ್ತರ: ಆ ಅಪಾಯ ಇದೆ ಸರ್, ಒಪ್ಪಿಕೊಳ್ತೀನಿ. ದೊಡ್ಡಪ್ಪನ ಕಡತದ ಬಹುಪಾಲು ವಾಪಸ್ಸು ಬಂದದ್ದು ಅವರಿಂದಲೇ. ತುಂಡುಗಳ ಸಂಖ್ಯೆಗೆ ಕನ್ನಡದಲ್ಲಿ ಒಂದು ಮಾನಕ ಮಾಡಿದ್ದರಿಂದಲೇ ಪರಿವರ್ತಕಗಳು ಕೆಲಸ ಮಾಡ್ತವೆ. ಬರದೆ ಹೋದ ನಾಲ್ಕು ಪುಟ ಆ ಮಾನಕದ ಹೊರಗಿನದು. ನನ್ನ ತಕರಾರು ಅವರ ಮೇಲಲ್ಲ, ಅವರ ಕೆಲಸವನ್ನು ಪರದೆಗಷ್ಟೇ ನಿಲ್ಲಿಸಿ ಹೇಳುವ ನಮ್ಮ ಮೇಲೆ.

ಪ್ರಶ್ನೆ (ಸಹಪಾಠಿಯಿಂದ): ಸಾಹಿತ್ಯದ ವಿದ್ಯಾರ್ಥಿಗೆ ಮೆಮೊರಿ ವಿಳಾಸದವರೆಗೂ ತಿಳೀಬೇಕಾ?

ಉತ್ತರ: ಓಲೆಗರಿ ಓದೋರು ಗರಿಯನ್ನು ಹೇಗೆ ಹದ ಮಾಡ್ತಾರೆ, ಮಸಿ ಹೇಗೆ ಸವರ್ತಾರೆ ಅಂತ ತಿಳಕೊಳ್ತಾರಲ್ಲ, ಅಷ್ಟು ತಿಳಿದರೆ ಸಾಕು. ಎಲ್ಲಿ ಬರೆದದ್ದು ಉಳಿಯುತ್ತೆ, ಎಲ್ಲಿ ಬರೆದದ್ದು ಕಂಡು ಹೋಗುತ್ತೆ ಅನ್ನೋದು ಗೊತ್ತಿರಬೇಕು. ನನಗೆ ಗೊತ್ತಾಗುವ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ. ಅಜ್ಜಿ ಇದ್ದಾರೆ. ಮುಂದಿನ ರಜೆಗೆ ಊರಿಗೆ ಹೋದಾಗ ಆ ನಾಲ್ಕು ಪುಟದಲ್ಲಿ ಏನಿದ್ದಿರಬಹುದು ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ತೀನಿ.